ಹನ್ನೊಂದು ದಿನದ ಅಂತರ

ಕ್ಯಾಮೆರಾ ಸೆನ್ಸರ್‌ಗೆ ಸ್ವಂತ ಕಾಲಜ್ಞಾನವಿಲ್ಲ. ಬೆಳಕು ಹಿಡಿಯುವ ಆ ಚಿಪ್ಪು ಹೊರಗಿನಿಂದ ಬರುವ ಒಂದು ಮಿಡಿತವನ್ನು ನಂಬಿ ಕೆಲಸ ಮಾಡುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸುವ ಎರಡನೇ ಪೀಳಿಗೆಯ ಕ್ಯಾಮೆರಾದಲ್ಲಿ ಸೋನಿ ಕಂಪನಿಯ ಐಎಂಎಕ್ಸ್219 ಸೆನ್ಸರ್ ಇದೆ. ಅದಕ್ಕೆ ಬೇಕಾದ ಮಿಡಿತ ಸೆಕೆಂಡಿಗೆ 2 ಕೋಟಿ 40 ಲಕ್ಷ, ಅಂದರೆ 24 ಮೆಗಾಹರ್ಟ್ಜ್. ಸೆನ್ಸರ್ ಅದನ್ನು 3ರಿಂದ ಭಾಗಿಸಿ, 57ರಿಂದ ಗುಣಿಸಿ 456 ಮೆಗಾಹರ್ಟ್ಜ್ ಮಾಡಿಕೊಳ್ಳುತ್ತದೆ. ಸಾಲುಸಾಲಾಗಿ ಚಿತ್ರ ಓದುವುದು, ಓದಿದ್ದನ್ನು ಆಚೆ ಕಳಿಸುವುದು ಎಲ್ಲವೂ ಆ ವೇಗದ ಮೇಲೆ ನಿಂತಿದೆ. ಎಷ್ಟರಿಂದ ಭಾಗಿಸಬೇಕು, ಎಷ್ಟರಿಂದ ಗುಣಿಸಬೇಕು ಎಂದು ಚಿಪ್ಪಿಗೆ ಹೇಳಿಕೊಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರ್ ಬರೆದವರು 24 ಎಂದುಕೊಂಡು ಬರೆದಿರುತ್ತಾರೆ. ಬೋರ್ಡು ಮಾಡಿದವರು 19.2 ಕೊಟ್ಟಿರುತ್ತಾರೆ. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಇಂಟೆಲ್ ಆಧಾರಿತ ಲ್ಯಾಪ್‌ಟಾಪುಗಳಲ್ಲಿ 19.2 ಮಾಮೂಲು ಸಂಖ್ಯೆ.

ಆದರೆ ಅದೇ ಗುಣಾಕಾರ ಭಾಗಾಕಾರಗಳನ್ನು 19.2ರ ಮೇಲೆ ಹೇರಿದರೆ 456 ಇದ್ದದ್ದು 364.8 ಆಗುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯಬೇಕಾದ ಕ್ಯಾಮೆರಾ 24 ತೆಗೆಯುತ್ತದೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಜ್‌ನದು. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಮಿನುಗು ಕಾಣದಿರಲೆಂದು ಬೆಳಕು ಹಿಡಿಯುವ ಅವಧಿಯನ್ನು 10 ಮಿಲಿಸೆಕೆಂಡಿಗೆ ಇಟ್ಟರೆ ಅದು ಗೊತ್ತಿಲ್ಲದೆ 12.5 ಆಗಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆ. ಕೆಲವು ಸಲ ಚಿತ್ರವೇ ಬರುವುದಿಲ್ಲ, ಏಕೆಂದರೆ ಆಚೆ ತುದಿಯಲ್ಲಿ ಕಾಯುತ್ತಿರುವ ಯಂತ್ರ ಬೇರೆ ವೇಗಕ್ಕೆ ಸಿದ್ಧವಾಗಿ ಕೂತಿರುತ್ತದೆ.

ಲಿನಕ್ಸ್‌ನ ಡ್ರೈವರ್‌ಗಳಲ್ಲಿ ಇದಕ್ಕೆ ಮೂರು ಬಗೆಯ ಉತ್ತರ ಸಿಗುತ್ತದೆ. ಐಎಂಎಕ್ಸ್219ರ ಡ್ರೈವರ್ 24 ಅಲ್ಲದ್ದನ್ನು ಕಂಡರೆ ಇದು ನನಗೆ ಒಗ್ಗದು ಎಂದು ಹೇಳಿ ಅಲ್ಲೇ ನಿಲ್ಲುತ್ತದೆ. ಓವಿ5695 ಎಂಬ ಇನ್ನೊಂದು ಸೆನ್ಸರ್‌ನ ಡ್ರೈವರ್ ಒಂದು ಎಚ್ಚರಿಕೆಯ ಸಾಲು ಬರೆದು, ತನ್ನ ಪಟ್ಟಿಗಳೆಲ್ಲ 24ಕ್ಕೆ ಮಾಡಿದವು ಎಂದು ತಿಳಿಸಿ ಮುಂದುವರಿಯುತ್ತದೆ. ಇನ್ನು ಕೆಲವು ಡ್ರೈವರ್‌ಗಳು ಸಿಕ್ಕ ಗಡಿಯಾರವನ್ನೇ, ಅಂದರೆ ಆ ಮಿಡಿತವನ್ನೇ, ಒಪ್ಪಿ ಗುಣಕ ಭಾಜಕಗಳನ್ನು ಹೊಸದಾಗಿ ಹುಡುಕುತ್ತವೆ. ಕಾಗದದ ಮೇಲಾದರೆ 19.2ನ್ನು 4ರಿಂದ ಭಾಗಿಸಿ 95ರಿಂದ ಗುಣಿಸಿದರೂ ಅದೇ 456. ಆ ಭಾಜಕವನ್ನು ಚಿಪ್ಪು ಒಪ್ಪುತ್ತದೆಯೇ ಎನ್ನುವುದು ಬೇರೆ ಮಾತು. ಈ ಮೂರನ್ನೂ ಪ್ರಾಮಾಣಿಕ ಎನ್ನಬಹುದು. ನಾಲ್ಕನೆಯ ದಾರಿಯೊಂದಿದೆ: ಏನೂ ಹೇಳದೆ, 24 ಇದ್ದಂತೆಯೇ ನಡೆದುಕೊಳ್ಳುವುದು. ಕೆಡುಕು ಹುಟ್ಟುವುದು ಅಲ್ಲಿ.

ಇದರ ಹಿಂದೆ ಯಂತ್ರಗಳಿಗಿಂತ ಬಹಳ ಹಳೆಯ ಪ್ರಶ್ನೆ ಇದೆ. ಎರಡು ಗಡಿಯಾರಗಳು ಎರಡೂ ಪ್ರಾಮಾಣಿಕವಾಗಿದ್ದು ಬೇರೆ ಬೇರೆ ಹೇಳಿದರೆ ನಿಜವಾದ ಕಾಲ ಯಾವುದು? ಯಾವುದು ಯಾವುದಕ್ಕೆ ಬಾಗಬೇಕು? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯಲ್ಲಿ ಈ ಪ್ರಶ್ನೆ ಹೊಲದಲ್ಲಿ, ಓಣಿಯಲ್ಲಿ, ಮಠದ ಅಂಗಳದಲ್ಲಿ ವರ್ಷವರ್ಷ ಎದುರಾಗುತ್ತದೆ.

ಅಲ್ಲಿನ ಮನೆಗಳಲ್ಲಿ ತಿಂಗಳು ಎಣಿಸುವುದು ಹುಣ್ಣಿಮೆಗಳಿಂದ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಸೀಗಿ ಹುಣ್ಣಿಮೆ, ಹೀಗೆ ಹೋಳಿಯವರೆಗೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಕರಿ ಹರಿಯುವ ದಿನವನ್ನು ಚಂದ್ರ ಹೇಳುತ್ತಾನೆ. ಆದರೆ ಅದೇ ಎತ್ತು ಹೂಡಿ ಬಿತ್ತುವ ದಿನವನ್ನು ಚಂದ್ರನನ್ನು ಕೇಳಿ ಯಾರೂ ನಿರ್ಧರಿಸುವುದಿಲ್ಲ. ಮುಂಡರಗಿಯ ಎರೆ ಹೊಲದಲ್ಲಿ ಹೆಸರು ಹಾಕುವವರು ರೋಹಿಣಿ ಮಳೆ, ಮೃಗಶಿರಾ ಮಳೆ ಎಂದು ಎಣಿಸುತ್ತಾರೆ. ಈ ಮಳೆಗಳು ಸೂರ್ಯನ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ; ಮೇ 25ರ ಆಸುಪಾಸು ರೋಹಿಣಿ ಹೂಡಿದರೆ ಜೂನ್ 8ರ ಹೊತ್ತಿಗೆ ಮೃಗಶಿರಾ. ಕಾರ ಹುಣ್ಣಿಮೆ ಮಾತ್ರ ಒಂದು ವರ್ಷ ಜೂನ್ ಮೊದಲ ವಾರಕ್ಕೆ, ಇನ್ನೊಂದು ವರ್ಷ ಕೊನೆಯ ವಾರಕ್ಕೆ ಬರುತ್ತದೆ. ಹಬ್ಬಕ್ಕೆ ಒಂದು ಗಡಿಯಾರ, ಬೆಳೆಗೆ ಇನ್ನೊಂದು. ಪಂಚಾಂಗದ ಗಣಿತ ಕಲಿಯದ ರೈತನೂ ಇವೆರಡನ್ನು ಬೆರೆಸಿ ಕೆಡಿಸಿಕೊಳ್ಳುವುದಿಲ್ಲ.

ಮೂರನೆಯ ಗಡಿಯಾರ ಮೊಹರಂನದು. ಅಲಾಯಿ ಕುಣಿ ತೋಡಿ, ಪಂಜಾ ಕೂರಿಸಿ, ರಿವಾಯತ್ ಪದ ಹಾಡುತ್ತ ಹೆಜ್ಜೆ ಹಾಕುವ ಈ ಹಬ್ಬದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಹಿಂದೂಗಳೂ ತಲೆತಲಾಂತರದಿಂದ ಭಾಗಿಗಳು. ಇದೂ ಚಂದ್ರನದೇ ಲೆಕ್ಕ, ಆದರೆ ಸೂರ್ಯನಿಗೆ ಯಾವ ರಿಯಾಯಿತಿಯನ್ನೂ ಕೊಡದ ಚಂದ್ರನ ಲೆಕ್ಕ. ಮೊಹರಂನ ಹತ್ತನೆಯ ದಿನ 2023ರಲ್ಲಿ ಜುಲೈ 29ಕ್ಕೆ ಬಂತು, 2024ರಲ್ಲಿ ಜುಲೈ 17ಕ್ಕೆ, 2025ರಲ್ಲಿ ಜುಲೈ 6ಕ್ಕೆ. ಹನ್ನೊಂದು ಹನ್ನೆರಡು ದಿನ ಹಿಂದೆ ಹಿಂದೆ ಸರಿಯುತ್ತ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿಯಬೇಕು. ಗಡಿಯಾರಗಳು ಎರಡು ರೀತಿಯಲ್ಲಿ ಬೇರೆಯಾಗುತ್ತವೆ. ಒಂದು, ಎಣಿಕೆ ಶುರುವಾದ ಜಾಗ ಬೇರೆ. ಇನ್ನೊಂದು, ನಡಿಗೆಯ ವೇಗವೇ ಬೇರೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶಕ ವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷ ಹೂಡಿದ. ಗದಗ, ಲಕ್ಕುಂಡಿ ಸೀಮೆಯ ಶಾಸನಗಳಲ್ಲಿ ಆ ಎಣಿಕೆ ಕಾಣುತ್ತದೆ. ಅದಕ್ಕೆ 1075 ಕೂಡಿಸಿದರೆ ಕ್ರಿಸ್ತಶಕ ಸಿಕ್ಕಿಬಿಡುತ್ತದೆ. ಒಂದು ಕೂಡುವ ಲೆಕ್ಕಕ್ಕೆ ಆ ಭಿನ್ನಮತ ಮುಗಿಯಿತು. ರಾಜ ಎಣಿಕೆಯನ್ನು ಸೊನ್ನೆಗೆ ತಂದ, ಸೂರ್ಯಚಂದ್ರರ ವೇಗವನ್ನು ಮುಟ್ಟಲಿಲ್ಲ. ವೇಗವೇ ಬೇರೆಯಾದಾಗ ಮಾತ್ರ ಒಂದು ಸಲದ ತಿದ್ದುಪಡಿ ಸಾಲದು, ಏಕೆಂದರೆ ಅಂತರ ದಿನದಿನಕ್ಕೆ ಬೆಳೆಯುತ್ತದೆ. ಜೆ.ಎಫ್. ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಶಾಸನಗಳ ತಿಥಿಯನ್ನು ವಾರದ ಜತೆ ತಾಳೆ ನೋಡಿದ್ದು ಇದೇ ಕಾರಣಕ್ಕೆ. ತಿಥಿ ಚಂದ್ರನದು, ವಾರ ಸೂರ್ಯ ಚಂದ್ರ ಇಬ್ಬರಿಗೂ ಸಂಬಂಧವಿಲ್ಲದ ಏಳರ ಎಣಿಕೆ. ಎರಡೂ ಕೂಡಿ ಬಂದರೆ ಕಲ್ಲಿನ ಮಾತನ್ನು ನಂಬಬಹುದು; ಬರದಿದ್ದರೆ ಕೆತ್ತಿದವನ ಕೈತಪ್ಪೋ, ಮುಂದೆ ಯಾರೋ ಮಾಡಿದ ಪ್ರತಿಯೋ ಎಂದು ಕೇಳಬೇಕು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ ತಿಥಿಕೋಷ್ಟಕಗಳು 1922ರಲ್ಲಿ ಅಚ್ಚಾದ ಮೇಲೆ ಈ ತಾಳೆ ಸುಲಭವಾಯಿತು.

ವೇಗದ ಲೆಕ್ಕ ಹೀಗಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.53 ದಿನ. ಹನ್ನೆರಡು ತಿಂಗಳಿಗೆ 354 ದಿನ ಮತ್ತು ಕೆಲವು ತಾಸು. ಸೂರ್ಯನ ವರ್ಷ 365 ದಿನ ಮತ್ತು ಕಾಲು. ವರ್ಷಕ್ಕೆ ಬೀಳುವ ಅಂತರ ಸುಮಾರು 10.9 ದಿನ. ಈ ಅಂತರ ಕೂಡುತ್ತ ಹೋಗಿ ಒಂದು ಚಾಂದ್ರಮಾಸದಷ್ಟಾಗಲು 32.6 ಸೌರಮಾಸ ಬೇಕು. ಈ ಅಂತರ ತುಂಬಲು ಪಂಚಾಂಗದಲ್ಲಿ ಅಧಿಕ ಮಾಸ ಬರುವ ಸರಾಸರಿ ಅವಧಿ ಅದೇ. ಅದೇ ಅಂತರವನ್ನು ತಿದ್ದದೆ ಬಿಟ್ಟರೆ ಮೊಹರಂ ಇಡೀ ವರ್ಷವನ್ನು ಸುತ್ತಿ ಹಳೆಯ ಋತುವಿಗೆ ಮರಳಲು ಎಷ್ಟು ಬೇಕು? 32.6 ಸೌರವರ್ಷ. ಅಂಕಿ ಒಂದೇ, ಅಲ್ಲಿ ತಿಂಗಳು, ಇಲ್ಲಿ ವರ್ಷ. 2024ರ ಜುಲೈ ನಡುವೆ ಬಂದ ಮೊಹರಂ ಹಿಂದೆ ಅದೇ ಋತುವಿನಲ್ಲಿ ಬಂದದ್ದು 1991-92ರಲ್ಲಿ. ಹಿಂದೂ ಪಂಚಾಂಗ ಮತ್ತು ಮೊಹರಂನ ಹಿಜರಿ ಪಂಚಾಂಗಗಳ ನಡುವೆ ಇರುವುದು ಎರಡು ಬೇರೆ ಆಕಾಶಗಳಲ್ಲ. ಒಂದೇ ಅಂತರದ ಎದುರು ತೆಗೆದುಕೊಂಡ ಎರಡು ನಿಲುವುಗಳು ಅವು.

ಈ ಅಂತರವನ್ನು ಕಿವಿಯಿಂದಲೂ ಕೇಳಬಹುದು, ಅದೂ ಗದಗಿನಲ್ಲೇ. ಪಂಚಾಕ್ಷರಿ ಗವಾಯಿಗಳು ಮತ್ತು 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ತಂಬೂರಿಯ ನಡುವಿನ ಜೋಡಿ ತಂತಿಗಳೆರಡೂ ಒಂದೇ ಷಡ್ಜಕ್ಕೆ ಕೂಡಬೇಕು. ಒಂದು ಸೆಕೆಂಡಿಗೆ 138 ಸಲ, ಇನ್ನೊಂದು 139 ಸಲ ಕಂಪಿಸಿದರೆ ಸೆಕೆಂಡಿಗೊಮ್ಮೆ ನಾದ ಏರಿ ಇಳಿಯುತ್ತದೆ. ಆ ಅಲೆ ಎರಡು ತಂತಿಗಳ ಅಂತರದ ಸದ್ದು. ಅಧಿಕ ಮಾಸವೂ ಗಣಿತದ ಪ್ರಕಾರ ಇಂಥದೇ ಅಲೆ: ಸೂರ್ಯ ಚಂದ್ರರೆಂಬ ಎರಡು ಕಂಪನಗಳ ನಡುವೆ 32.6 ತಿಂಗಳಿಗೊಮ್ಮೆ ಏಳುವುದು.

ಅಧಿಕ ಮಾಸವನ್ನು ಗುರುತಿಸುವ ನಿಯಮ ಸರಳ. ಯಾವ ಚಾಂದ್ರಮಾಸದಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಿಲ್ಲವೋ ಅದು ಅಧಿಕ. ಬಹಳ ಅಪರೂಪಕ್ಕೆ ಒಂದೇ ಮಾಸದಲ್ಲಿ ಎರಡು ಸಂಕ್ರಮಣ ಬಿದ್ದು ಕ್ಷಯಮಾಸವಾಗುತ್ತದೆ, 1982-83ರಲ್ಲಿ ಹಾಗಾಗಿತ್ತು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಸೇರಿಸಿದರೆ 235 ಚಾಂದ್ರಮಾಸಗಳು 19 ಸೌರವರ್ಷಗಳಿಗೆ ಎರಡು ತಾಸಿನ ಅಂತರದಲ್ಲಿ ಕೂಡಿಬರುತ್ತವೆ. ಡ್ರೈವರ್ ಹುಡುಕುವ ಗುಣಕ ಭಾಜಕಗಳಂತೆ ಇವೂ ಪೂರ್ಣಾಂಕಗಳು, ಪೂರ್ಣಾಂಕಕ್ಕೆ ಒಗ್ಗದ ವಾಸ್ತವವನ್ನು ಹಿಡಿಯುವಂಥವು. ಗಣಿತಕ್ಕಿಂತ ಮನಸ್ಸಿಗೆ ತಟ್ಟುವುದು ಪುರಾಣ ಇದಕ್ಕೆ ಕೊಟ್ಟ ಸ್ಥಾನ. ಹನ್ನೆರಡು ಮಾಸಗಳಿಗೂ ಒಡೆಯರಿದ್ದರು, ಉಳಿದ ಈ ಮಾಸಕ್ಕೆ ಯಾರೂ ಇರಲಿಲ್ಲ. ಮಲಮಾಸ ಎಂದು ಎಲ್ಲರೂ ದೂರವಿಟ್ಟರು. ವಿಷ್ಣು ಅದಕ್ಕೆ ತನ್ನ ಹೆಸರನ್ನೇ ಕೊಟ್ಟು ಪುರುಷೋತ್ತಮ ಮಾಸ ಎಂದ. ಮದುವೆ ಮುಂಜಿವೆ ಇಲ್ಲದ ಆ ತಿಂಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಳಿಯನನ್ನು ಕರೆದು 33 ಅನಾರಸ ಇಟ್ಟು ಬಾಗಿನ ಕೊಡುತ್ತಾರೆ. ಲೆಕ್ಕ ಸರಿದೂಗಿಸಲು ತುರುಕಿದ ತಿಂಗಳನ್ನು ಮುಚ್ಚಿಡದೆ, ಹೆಸರಿಟ್ಟು, ದೇವರಿಗೊಪ್ಪಿಸಿ, ಊಟಕ್ಕೆ ಕೂರಿಸಿದ ಸಂಪ್ರದಾಯ ಇದು. ತಿದ್ದುಪಡಿಯನ್ನು ಇಷ್ಟು ಬಹಿರಂಗವಾಗಿ ಮಾಡುವುದು ದೊಡ್ಡ ಧೈರ್ಯ.

ಹಿಜರಿಯ ನಿಲುವು ಇದಕ್ಕೆ ಎದುರಾದದ್ದು, ಅಷ್ಟೇ ಗಂಭೀರವಾದದ್ದು. ಇಸ್ಲಾಮಿಗೆ ಮುಂಚಿನ ಅರಬರು ಮಾಸಗಳನ್ನು ಮುಂದೂಡುತ್ತಿದ್ದರು. ಕಾದಾಟ ನಿಷಿದ್ಧವಾದ ಮಾಸ ತಮಗೆ ಅನುಕೂಲವಾಗದಿದ್ದರೆ ಅದನ್ನು ಸರಿಸುವುದೂ ಅದರಲ್ಲಿತ್ತು. ಕುರಾನಿನ ತೌಬಾ ಅಧ್ಯಾಯ ಆ ಪದ್ಧತಿಯನ್ನು ಖಂಡಿಸಿ ಮುಚ್ಚಿತು. ತಿದ್ದುವ ಅಧಿಕಾರ ಯಾರದೋ ಕೈಯಲ್ಲಿದ್ದರೆ ಕಾಲವೇ ಬಲಶಾಲಿಗಳ ಸ್ವತ್ತಾಗುತ್ತದೆ ಎಂಬ ಎಚ್ಚರ ಅಲ್ಲಿದೆ. ಅದರ ಫಲವಾಗಿ ರಂಜಾನ್ ಉಪವಾಸ ಒಬ್ಬನ ಆಯುಷ್ಯದಲ್ಲಿ ಉರಿಬೇಸಿಗೆಯಲ್ಲೂ ಚಳಿಗಾಲದ ಗಿಡ್ಡ ಹಗಲಿನಲ್ಲೂ ಬರುತ್ತದೆ. ಭೂಮಿಯ ಯಾವ ಸೀಮೆಯವರಿಗೂ ಸದಾ ಸುಲಭವಾದ ಋತುವೇ ಸಿಕ್ಕುವುದಿಲ್ಲ. ಇದನ್ನು ಲೆಕ್ಕ ತಪ್ಪಿದ ಪಂಚಾಂಗ ಎಂದು ಹಗುರಾಗಿ ಮಾತಾಡುವವರು ಅದರ ಹಿಂದಿನ ನ್ಯಾಯಬುದ್ಧಿಯನ್ನು ಗಮನಿಸಿಲ್ಲ.

ಎರಡು ನಿಲುವುಗಳು ಒಂದೇ ಓಣಿಯಲ್ಲಿ ಹೇಗೆ ಬಾಳುತ್ತವೆ? ಚಂದ್ರ ಒಬ್ಬನೇ ಆದ್ದರಿಂದ ಮೊಹರಂನ ಹತ್ತನೆಯ ದಿನ ಯಾವಾಗ ಬಂದರೂ ಯಾವುದಾದರೊಂದು ಶುಕ್ಲಪಕ್ಷದ ದಶಮಿ ಏಕಾದಶಿಯ ಹತ್ತಿರವೇ ಬೀಳುತ್ತದೆ. 2024ರಲ್ಲೂ 2025ರಲ್ಲೂ ಅದು ಆಷಾಢ ಏಕಾದಶಿಯ ದಿನವೇ ಬಂತು. ಪಂಢರಪುರದಲ್ಲಿ ವಿಠ್ಠಲನ ಮುಂದೆ ದಿಂಡಿಗಳು ಸೇರಿದ ಹೊತ್ತಿಗೆ ಹಳ್ಳಿಗಳಲ್ಲಿ ಪಂಜಾಗಳು ಹೊಳೆಗೆ ಹೊರಟಿದ್ದವು. 2018 ಮತ್ತು 2019ರಲ್ಲಿ ಮೊಹರಂ ಗಣೇಶೋತ್ಸವದ ದಿನಗಳ ನಡುವೆ ಬಂದಾಗ ಹುಬ್ಬಳ್ಳಿಯ ಬಿಡನಾಳದಲ್ಲಿ ಒಂದೇ ಪೆಂಡಾಲಿನಡಿ ಗಣಪತಿಯೂ ಪಂಜಾವೂ ಕೂತ ಸುದ್ದಿ ದೇಶವೆಲ್ಲ ಹರಡಿತು. ಯಾರೂ ತಮ್ಮ ತಿಥಿಯನ್ನು ಬದಲಿಸಿಕೊಳ್ಳಲಿಲ್ಲ. ಜಾಗ ಮಾಡಿಕೊಟ್ಟರು, ಅಷ್ಟೆ.

ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಈ ಜಾಗ ಇದೆ. ಫಕೀರನೂ ಈಶ್ವರನೂ ಕೂಡಿದ ಆ ಪೀಠದ ಮೂಲವನ್ನು ಭಕ್ತರು ಬಿಜಾಪುರದ ಸೂಫಿ ಖಾಜಾ ಅಮೀನುದ್ದೀನರ ಜತೆ ಸೇರಿಸಿ ಹೇಳುತ್ತಾರೆ. ಮಠದ ತೇರು ಬೇಸಿಗೆಯಲ್ಲಿ, ಹುಣ್ಣಿಮೆಯ ಲೆಕ್ಕಕ್ಕೆ. ತೇರಿಗೆ ಬರುವ ಮುಸ್ಲಿಂ ಕುಟುಂಬ ಆ ದಿನವನ್ನು ತನ್ನ ಹಿಜರಿಗೆ ಬದಲಾಗಿ ಒಪ್ಪಿದಂತಾಗಲಿಲ್ಲ. ಲಕ್ಷ್ಮೇಶ್ವರದ ದೂದಪೀರ ದರ್ಗಾಕ್ಕೆ ಹೋಗುವ ಹಿಂದೂ ಮನೆತನವೂ ಯುಗಾದಿಯನ್ನು ಬಿಟ್ಟುಕೊಡಲಿಲ್ಲ. ಇದು ಎಲ್ಲವೂ ಒಂದೇ ಎಂಬ ಸಪಾಟು ಮಾತಿಗಿಂತ ಕಷ್ಟದ್ದು, ಹೆಚ್ಚು ಬಾಳಿಕೆಯದು.

ತತ್ತ್ವದ ಆಳಕ್ಕೆ ಇಳಿಯಲು ಲಕ್ಷ್ಮೇಶ್ವರದಲ್ಲೇ ದಾರಿ ಇದೆ. ಹಿಂದೆ ಪುಲಿಗೆರೆ ಎನಿಸಿಕೊಂಡ ಆ ಊರು ಶಂಖ ಬಸದಿಯಿಂದಾಗಿ ಜೈನರ ದೊಡ್ಡ ನೆಲೆ. ಗಂಗ ದೊರೆ ಮಾರಸಿಂಹ ಶಕ 890ರಲ್ಲಿ, ಅಂದರೆ 968ರ ಸುಮಾರಿಗೆ, ಅಲ್ಲಿನ ಜಿನಾಲಯಕ್ಕೆ ದಾನ ಕೊಟ್ಟ. ಆ ಮಾರಸಿಂಹನ ಮಂತ್ರಿ ಚಾವುಂಡರಾಯ. ಚಾವುಂಡರಾಯನ ಗುರು ಗೊಮ್ಮಟಸಾರ ಬರೆದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ. ದಿಗಂಬರ ಚಿಂತನೆಯಲ್ಲಿ ಕಾಲ ಎರಡು ಬಗೆ. ನಿಶ್ಚಯ ಕಾಲ ಒಂದು: ವಸ್ತುಗಳು ಬದಲಾಗುವುದಕ್ಕೆ ಆಸರೆಯಾಗಿರುವ ದ್ರವ್ಯ. ವ್ಯವಹಾರ ಕಾಲ ಇನ್ನೊಂದು: ಸೂರ್ಯಚಂದ್ರರ ಚಲನೆಯಿಂದ ನಾವು ಅಳೆಯುವ ಮುಹೂರ್ತ, ದಿನ, ಮಾಸ. ನಿಶ್ಚಯ ಕಾಲವೂ ಒಂದೇ ಉದ್ದನೆಯ ಹರಿವಲ್ಲ. ಲೋಕದ ಒಂದೊಂದು ಪ್ರದೇಶದಲ್ಲಿ ಒಂದೊಂದು ಕಾಲಾಣು ಇರುತ್ತದೆ, ಅವು ಒಂದರೊಳಗೊಂದು ಬೆರೆಯುವುದಿಲ್ಲ. ವೈಶೇಷಿಕರು ಇದಕ್ಕೆ ಒಪ್ಪಲಾರರು. ಅವರ ಪ್ರಕಾರ ಕಾಲ ಒಂದೇ, ವಿಭು, ನಿತ್ಯ. ಭೇದಗಳೆಲ್ಲ ಉಪಾಧಿಯಿಂದ ಬಂದವು.

ಈ ಎರಡರಲ್ಲಿ ಗಡಿಯಾರಗಳ ಅನುಭವಕ್ಕೆ ಹೆಚ್ಚು ಹೊಂದುವುದು ಜೈನರ ಮಾತು. ಡ್ರೈವರ್‌ಗೆ ಸಿಗುವುದು ಕಾಲವಲ್ಲ, ಒಂದು ನಿರ್ದಿಷ್ಟ ಹರಳಿನ ಕಂಪನ. ಪಂಚಾಂಗಕ್ಕೆ ಸಿಗುವುದೂ ಕಾಲವಲ್ಲ, ಒಂದು ನಿರ್ದಿಷ್ಟ ಆಕಾಶಕಾಯದ ಸುತ್ತು. ವ್ಯವಹಾರ ಕಾಲಗಳು ಹಲವು ಇರಬಹುದು, ಅವುಗಳಲ್ಲಿ ಯಾವುದೂ ನಿಶ್ಚಯ ಕಾಲದ ಪಟ್ಟಕ್ಕೆ ಹಕ್ಕುದಾರನಲ್ಲ. ಹಾಗೆಂದು ಯಾವುದೂ ಸುಳ್ಳೂ ಅಲ್ಲ.

ಶರಣರು ಈ ವಾದವನ್ನೆಲ್ಲ ಬೇರೆ ಕಡೆಯಿಂದ ಕತ್ತರಿಸುತ್ತಾರೆ. 12ನೇ ಶತಮಾನದ ಅವರು ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನೇ ತಳ್ಳಿಹಾಕಿದರು. ನೆನೆದ ಗಳಿಗೆಯೇ ಒಳ್ಳೆಯದಾದರೆ ಪಂಚಾಂಗದ ಅಂತರ ಯಾರಿಗೆ ಬೇಕು? ಆದರೂ ಸೇರುವುದಕ್ಕೆ ಒಂದು ದಿನ ಬೇಕೇ ಬೇಕು. ಅವರ ಪರಂಪರೆಯ ಗದಗಿನ ತೋಂಟದಾರ್ಯ ಮಠದಲ್ಲಿ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ವಾರಕ್ಕೊಮ್ಮೆ ಶಿವಾನುಭವ ನಡೆಸಿದರು. ಅಲ್ಲಿ ವಾರದ ಎಣಿಕೆಗೆ ಶುಭವೂ ಇಲ್ಲ, ಅಶುಭವೂ ಇಲ್ಲ. ಎಲ್ಲರಿಗೂ ನೆನಪಿರುತ್ತದೆ ಎಂಬ ಗುಣ ಮಾತ್ರ ಇದೆ. ಕಾಲದ ಪಾವಿತ್ರ್ಯವನ್ನು ಕಳೆದ ಮೇಲೂ ಕಾಲದ ಒಪ್ಪಂದ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮೌನವಾಗಿ ತಪ್ಪುತ್ತಿರುವ ಗಡಿಯಾರವೊಂದೂ ನಮ್ಮಲ್ಲಿದೆ, ಅದನ್ನು ಹೇಳದಿದ್ದರೆ ಈ ಚರ್ಚೆ ಅಪ್ರಾಮಾಣಿಕವಾದೀತು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅಂದು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ. 1900ನೇ ಇಸವಿಗೆ ಅಧಿಕ ದಿನ ಇಲ್ಲದ್ದರಿಂದ ಒಂದು ದಿನ ಸರಿಯಿತು. ಉಳಿದದ್ದಕ್ಕೆ ಕಾರಣ ಬೇರೆ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಎದುರು ಅಳೆಯುತ್ತದೆ. ಋತುಗಳು ನಡೆಯುವುದು ಭೂಮಿಯ ಅಕ್ಷದ ವಾಲಿಕೆಯಿಂದ. ಎರಡರ ನಡುವೆ ವರ್ಷಕ್ಕೆ ಸುಮಾರು 20 ನಿಮಿಷದ ಅಂತರ, ಎಪ್ಪತ್ತು ವರ್ಷಕ್ಕೆ ಒಂದು ದಿನ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದು. ಮೇಘನಾದ ಸಾಹಾ ಅಧ್ಯಕ್ಷತೆಯ ಸಮಿತಿ ಇದನ್ನು ತೋರಿಸಿಕೊಟ್ಟು ಋತುವಿಗೆ ಕಟ್ಟಿದ ರಾಷ್ಟ್ರೀಯ ಪಂಚಾಂಗ ರೂಪಿಸಿತು. 1957ರ ಮಾರ್ಚ್ 22ರಿಂದ ಅದು ಸರ್ಕಾರಿ ಕಾಗದಗಳಲ್ಲಿದೆ, ಜನರ ಹಬ್ಬಗಳಿಗೆ ಇಳಿಯಲಿಲ್ಲ.

ಹಬ್ಬವನ್ನು ಸರಿಸಬೇಕೆಂದಿಲ್ಲ. ನಕ್ಷತ್ರದ ಲೆಕ್ಕಕ್ಕೂ ತನ್ನದೇ ಮಾನವಿದೆ. ಆದರೆ ಜನವರಿ 14ರ ಪುಟದಲ್ಲಿ ಉತ್ತರಾಯಣ ಇಂದಿನಿಂದ ಎಂದು ಅಚ್ಚು ಹಾಕುವ ಪಂಚಾಂಗಕರ್ತರು, ಸೂರ್ಯ ತಿರುಗಿ ಮೂರು ವಾರಗಳಾದವು ಎಂಬ ಎಚ್ಚರಿಕೆಯ ಸಾಲೊಂದನ್ನು ಕೆಳಗೆ ಸೇರಿಸಬೇಕು. ಇದು ರೈತನಿಗೂ ಸಂಬಂಧಿಸಿದ್ದು. ಮಳೆ ನಕ್ಷತ್ರಗಳೂ ಇದೇ ಲೆಕ್ಕದವು. ಮಾರಸಿಂಹನ ದಾನಶಾಸನದ ಕಾಲದಿಂದ ಈವರೆಗೆ ಅವು ಋತುವಿನ ಎದುರು ಸುಮಾರು ಹದಿನೈದು ದಿನ, ಅಂದರೆ ಒಂದು ಪೂರ್ತಿ ಮಳೆಯಷ್ಟು ಜಾರಿವೆ. ಈಗ ರೋಹಿಣಿ ಹೂಡುವ ಬಿಸಿಲಿನಲ್ಲಿ ಆಗ ಮೃಗಶಿರಾ ಹೂಡುತ್ತಿತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಎಂದು ಹುಟ್ಟಿತೋ ಆ ದಿನದ ರೋಹಿಣಿಯೇ ಇಂದಿನದೂ ಎಂದು ನಂಬಿ ಬಿತ್ತನೆಯ ಸಲಹೆ ಕೊಡುವವರು ಈ ಜಾರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಇದಕ್ಕೆ ಹೋಲಿಸಿದರೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಬೇಸಿಗೆಯ ಕೆಲವು ಬೆಳಗು ನಂದಿಯೇರಿದ ಶಿವಪಾರ್ವತಿಯರ ಮೂರ್ತಿಯನ್ನು ಮುಟ್ಟುವ ಎಳೆಬಿಸಿಲು ಹೆಚ್ಚು ನಂಬಿಗಸ್ತ. ಅದು ಸೂರ್ಯ ಹುಟ್ಟುವ ದಿಕ್ಕನ್ನು ಅನುಸರಿಸುತ್ತದೆ, ಹಾಗಾಗಿ ಋತುವಿನ ಜತೆಗೇ ನಡೆಯುತ್ತದೆ.

2026ರ ಪಂಚಾಂಗದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇದೆ. ಅದರಿಂದಾಗಿ ನಿಜ ಜ್ಯೇಷ್ಠದ ಕಾರ ಹುಣ್ಣಿಮೆ ಜೂನ್ 29ಕ್ಕೆ ಸರಿದಿದೆ, ಆ ಹೊತ್ತಿಗೆ ಆರಿದ್ರಾ ಮಳೆಯೂ ಹೂಡಿರುತ್ತದೆ. ಆಷಾಢದ ಜತೆಗಿದ್ದ ಮೊಹರಂ ಈ ಅಧಿಕ ಮಾಸದ ದೆಸೆಯಿಂದ ಜ್ಯೇಷ್ಠಕ್ಕೆ ಜೊತೆಯಾಗುತ್ತದೆ. ಹತ್ತನೆಯ ದಿನ, ಚಂದ್ರ ಕಂಡದ್ದರ ಮೇಲೆ, ಜೂನ್ 26ರ ಸುಮಾರು. ಪಂಜಾ ಹೊಳೆಗೆ ಹೋದ ಮೂರ್ನಾಲ್ಕು ದಿನಕ್ಕೆ ಅದೇ ಊರಿನಲ್ಲಿ ಎತ್ತುಗಳು ಕರಿ ಹರಿಯುತ್ತವೆ. 2027 ಮತ್ತು 2028ರಲ್ಲೂ ಈ ಎರಡು ಹಬ್ಬ ಒಂದೇ ಚಂದ್ರನಡಿ ಬರುತ್ತವೆ. 2029ರಲ್ಲಿ ಚೈತ್ರ ಅಧಿಕವಾಗಿ ಕಾರ ಹುಣ್ಣಿಮೆ ಜೂನ್ ಕೊನೆಗೆ ಸರಿದರೆ, ಮೊಹರಂ ಮೇ ತಿಂಗಳ ಆಗಿ ಹುಣ್ಣಿಮೆಯ ಪಕ್ಷಕ್ಕೆ ಹೋಗಿರುತ್ತದೆ.